ಪ್ರಧಾನಿಯ ಸತ್ತ ಅಕ್ಕ

ಮಾರ್ಚ್ ೪, ಬುಧವಾರ

ಪ್ರೀತಿಯ ಮೂಗನಿಗೆ,

ಅಕ್ಕ ಮಾಡುವ ಆಶೀರ್ವಾದಗಳು. ಇಡೀ ದೇಶವನ್ನು ಮಾತಿನಲ್ಲೇ ಕುಣಿಸುವವನನ್ನು ಮೂಗ ಎಂದು ಕರೆಯುವವಳು ಈಗ ನಾನೊಬ್ಬಳೇ ಉಳಿದಿದ್ದೇನೆ. ಹಾಗಾಗಿ ಈ ಪತ್ರ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ನಾಲ್ಕು ವರ್ಷ ತುಂಬಿದರೂ ಬಾಯಿ ಬಿಡದೆ ಅಮ್ಮನ ಪ್ರಾಣ ಹಿಂಡಿದ್ದೆಯಲ್ಲ, ಆ ಹೆಸರು ನನ್ನ ನಾಲಿಗೆಯಲ್ಲಿ ಹಾಗೇ ಉಳಿದುಬಿಟ್ಟಿದೆ.

ನೀನು ಫೋನ್ ಮಾಡಿ ಆಗಲೇ ಮೂರು ವಾರದ ಮೇಲಾಯಿತು. ಬರೆಯಲು ಇಷ್ಟು ತಡವಾಯಿತೆಂದು ಬೇಸರಿಸಬೇಡ. ಪೆನ್ನು ಹಿಡಿದ ಕೂಡಲೇ ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಶುರು ಮಾಡುವುದು ನನ್ನ ರೂಢಿ. ಆ ಸಾಲು ಬರೆಯಲು ಕೈ ಏಳಲಿಲ್ಲ. ಅದಿಲ್ಲದೆ ಪತ್ರ ಶುರು ಮಾಡುವುದು ಹೇಗೆಂದೂ ಗೊತ್ತಾಗಲಿಲ್ಲ. ಇವತ್ತು ನಿನ್ನ ಮೀಸೆ ಡ್ರೈವರ್ ಬಂದಿದ್ದಾನೆ. ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗುವ ನೆಪ ಮಾಡಿಕೊಂಡು ನಿನ್ನ ಸುದ್ದಿ ನನಗೆ, ನನ್ನ ಸುದ್ದಿ ನಿನಗೆ ಮುಟ್ಟಿಸುವ ಆ ಪುಣ್ಯಾತ್ಮ ಹಜಾರದಲ್ಲಿ ಕೂತು ಚಹಾ ಕುಡಿಯುತ್ತಿದ್ದಾನೆ. ಲೋಟ ಖಾಲಿಯಾಗುವುದರೊಳಗೆ ಮುಗಿಸಬೇಕೆಂದುಕೊಂಡಿದ್ದೇನೆ. ಮುಗಿಯದಿದ್ದರೆ ಇನ್ನೊಂದು ಲೋಟ ಕೊಡುತ್ತೇನೆ.

ವಿಷಯಕ್ಕೆ ಬರುತ್ತೇನೆ. ಇಲ್ಲಿಯ ಬೆಟ್ಟದ ರೈಲು ಸುರಂಗದಲ್ಲಿ ಮಣ್ಣು ಕುಸಿದು ಹದಿನಾಲ್ಕು ಮಂದಿ ಒಳಗೆ ಸಿಕ್ಕಿಕೊಂಡರಲ್ಲ, ಅವರಲ್ಲಿ ಒಬ್ಬ ನನ್ನ ಮಗ. ನಿನ್ನ ಸೋದರಳಿಯ. ನೀನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ಸುತ್ತಿಸಿದ ಹುಡುಗ. ನಿನ್ನ ಮುಂದಿಟ್ಟ ಸತ್ತವರ ಪಟ್ಟಿಯಲ್ಲಿ ಅವನ ಹೆಸರಿನ ಜೊತೆ ಅವನಪ್ಪನ ಹೆಸರೂ ಇತ್ತು, ಆದರೂ ನಿನಗೆ ಗೊತ್ತಾಗಲಿಲ್ಲ ಎಂದೇ ನಾನು ನಂಬಿದ್ದೇನೆ. ನಂಬದಿದ್ದರೆ ನಾನು ಬದುಕುವುದು ಹೇಗೆ ಹೇಳು.

ಅವರು ಸಿಕ್ಕಿಕೊಂಡಿರುವುದು ಮುಖ್ಯ ಸುರಂಗದಲ್ಲಲ್ಲ, ಪಕ್ಕಕ್ಕೆ ತೋಡಿದ ಅಡ್ಡ ಸುರಂಗದಲ್ಲಿ. ಮತ್ತೆ ಅಗೆದರೆ ಮುಖ್ಯ ಸುರಂಗದ ಚಾವಣಿಗೂ ಅಪಾಯವಂತೆ. ಅದಕ್ಕೆ ಆ ಬಾಯಿಗೆ ಗೋಡೆ ಕಟ್ಟಿ, ಒಳಗೆ ಕಾಂಕ್ರೀಟ್ ತುಂಬಿ ಮುಚ್ಚಿಬಿಡುತ್ತಾರಂತೆ. ಈ ತಿಂಗಳ ಕೊನೆಯೊಳಗೆ ಆಗಬೇಕಂತೆ. ಯಾಕೆಂದರೆ ನೀನು ಪ್ರಧಾನಿಯಾಗಿ ಇಪ್ಪತ್ತೈದು ವರ್ಷ ತುಂಬುವ ದಿನ ಮುಖ್ಯ ಸುರಂಗದಲ್ಲಿ ಮೊದಲ ರೈಲು ಓಡಬೇಕು. ಮೂಗ, ಆ ಗೋಡೆ ಕಟ್ಟಿಸಬೇಡ. ನನ್ನ ಮಗನನ್ನು ಹೊರಗೆ ತೆಗೆಸಿಕೊಡು. ಅವನು ಹೇಗಾದರೂ ಇರಲಿ, ಎಷ್ಟೇ ಕೆಟ್ಟಿರಲಿ, ನನ್ನ ಕೈಗೆ ಕೊಡು. ಇಷ್ಟು ವರ್ಷದಲ್ಲಿ ನಿನ್ನನ್ನು ನಾನು ಕೇಳುತ್ತಿರುವುದು ಇದೊಂದನ್ನೇ.

ಇನ್ನು ಆ ಫೋನಿನ ವಿಷಯ. ಅವಘಡವಾದಲ್ಲೆಲ್ಲ ಸತ್ತವರ ಮನೆಯವರ ಜೊತೆ ಪ್ರಧಾನಿಯವರೇ ಖುದ್ದಾಗಿ ಮಾತಾಡುತ್ತಾರೆ ಎಂದು ರೇಡಿಯೋದಲ್ಲಿ ಕೇಳಿ ನಾನೂ ಹೆಮ್ಮೆಪಟ್ಟವಳೇ. ನಮ್ಮನ್ನೆಲ್ಲ ಜಿಲ್ಲಾ ಕಚೇರಿಗೆ ಕರೆಸಿ, ಉದ್ದನೆಯ ಬೆಂಚಿನ ಮೇಲೆ ಕೂರಿಸಿ, ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಮೇಜಿನ ಮೇಲೆ ಫೋನು, ಪಕ್ಕದಲ್ಲಿ ಅಧಿಕಾರಿ, ಮೂಲೆಯಲ್ಲಿ ಒಬ್ಬ ಫೋಟೋದವನು. “ಪ್ರಧಾನಿಯವರು ಲೈನಿಗೆ ಬರ್ತಾರೆ ಕಣಮ್ಮ. ಜೋರಾಗಿ ಅಳಬೇಡಿ, ಅವರಿಗೆ ಸರಿಯಾಗಿ ಕೇಳಿಸಲ್ಲ” ಎಂದ ಅಧಿಕಾರಿ. ರಿಸೀವರ್ ಕಿವಿಗಿಟ್ಟೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದು ಆಯಸ್ಸು ಕಳೆದವಳು ನಾನು. ಲೈನಿನಲ್ಲಿ ನಿನ್ನ ಜೊತೆ ಇನ್ನೂ ಯಾರೋ ಇಬ್ಬರು ಉಸಿರಾಡುತ್ತಿದ್ದಾರೆ ಎಂದು ಆಗಲೇ ಗೊತ್ತಾಯಿತು. ಆಮೇಲೆ ನಿನ್ನ ದನಿ ಬಂತು.

“ತಾಯಿ, ನಾನು ಪ್ರಧಾನಿ ಮಾತಾಡ್ತಾ ಇದ್ದೀನಿ. ನಿಮ್ಮ ದುಃಖದಲ್ಲಿ ಇಡೀ ದೇಶ ಇದೆ.”

ಹೂಂ ಎಂದೆ.

“ಸಂಕಟ ಏನು ಅಂತ ನನಗೂ ಗೊತ್ತು ತಾಯಿ. ನನ್ನ ಅಕ್ಕ ನನ್ನ ಕಣ್ಣೆದುರಿಗೇ ಹೋಗಿಬಿಟ್ಟಳು.”

“ಏನಾಗಿತ್ತಪ್ಪ ಅವರಿಗೆ?” ಎಂದು ಕೇಳಿದೆ. ಅಧಿಕಾರಿ ನನ್ನನ್ನು ದುರುಗುಟ್ಟಿ ನೋಡಿದ.

“ಜ್ವರ, ತಾಯಿ. ಹತ್ತಿರದಲ್ಲಿ ಆಸ್ಪತ್ರೆ ಇರಲಿಲ್ಲ. ನನ್ನ ತೊಡೆ ಮೇಲೇ ತಲೆಯಿಟ್ಟು ಹೋದಳು.”

“ಅಯ್ಯೋ ಪಾಪ” ಎಂದೆ. ನಿಜವಾಗಿಯೂ ಹಾಗೇ ಬಾಯಿಗೆ ಬಂತು. ನನ್ನ ದನಿ ಕೇಳಿ ನೀನು ಒಂಚೂರು ತಡವರಿಸುತ್ತೀಯೇನೋ, ಒಂದು ಗಳಿಗೆ ಮಾತು ನಿಲ್ಲಿಸುತ್ತೀಯೇನೋ ಎಂದು ಕಿವಿಗೊಟ್ಟು ಕಾದೆ. ನೀನು ತಡವರಿಸಲಿಲ್ಲ. “ಧೈರ್ಯ ತಂದುಕೊಳ್ಳಿ ತಾಯಿ” ಎಂದೆ. ಲೈನು ಕಡಿಯಿತು. ‘ಮೂಗಾ, ನಾನು ಕಣೋ’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಜನರೆದುರು ನಿನ್ನ ಮರ್ಯಾದೆ ಹೋಗುತ್ತದಲ್ಲ ಎಂದು ನುಂಗಿಕೊಂಡೆ. ಮಗ ಮಣ್ಣಿನಡಿ ಇದ್ದಾನೆ, ನಾನು ನಿನ್ನ ಮರ್ಯಾದೆ ಕಾಯುತ್ತಿದ್ದೇನೆ! ನನ್ನ ಬುದ್ಧಿಗೆ ಏನು ಹೇಳುತ್ತೀಯೋ ಹೇಳು.

ನನಗಿಂತ ಮುಂಚೆ ಒಳಗೆ ಹೋಗಿದ್ದ ಹೆಂಗಸು ಹೊರಗೆ ಕಾಯುತ್ತಿದ್ದಳು. ಅವಳ ಇಬ್ಬರು ಮಕ್ಕಳೂ ಸುರಂಗದೊಳಗಿದ್ದಾರೆ. ನನ್ನ ಕೈ ಹಿಡಿದುಕೊಂಡು, “ಪಾಪ ಕಣ್ರೀ, ಅವರ ಅಕ್ಕನೂ ಹೋಗಿಬಿಟ್ಟಿದ್ದಾರಂತೆ. ಎಷ್ಟು ನೊಂದುಕೊಂಡು ಹೇಳಿದ್ರು ಗೊತ್ತಾ” ಎಂದು ನಿನಗಾಗಿ ಅತ್ತಳು. ನಾನೂ ಅವಳ ಜೊತೆ ಅತ್ತೆ. ಯಾರಿಗಾಗಿ ಎಂದು ಅವಳು ಕೇಳಲಿಲ್ಲ.

ನನ್ನನ್ನು ನೀನು ಸಾಯಿಸಿದ ದಿನ ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಚೆನ್ನಾಗಿ ನೆನಪಿದೆ. ಮೊದಲ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡು ಮೂಲೆ ಹಿಡಿದು ಕೂತಿದ್ದವನನ್ನು ಎಬ್ಬಿಸಿ ಎರಡನೆಯದಕ್ಕೆ ನಿಲ್ಲಿಸಿದ್ದು ನಾನು ಮತ್ತು ಪತ್ರಿಕೆಯಲ್ಲಿದ್ದ ನಿನ್ನ ಆ ಗೆಳೆಯ. ಪಕ್ಕದೂರಿನ ಗಿರಣಿಯ ಮುಂದಿನ ಮೈದಾನದಲ್ಲಿ ಸಭೆ. ನೀನು ಸುಂಕ, ತೆರಿಗೆ, ಆಯವ್ಯಯ ಎಂದು ಕೊರೆಯುತ್ತಿದ್ದೆ. ಮೂಗ, ಆಗ ನೀನು ಎಷ್ಟು ಕೆಟ್ಟದಾಗಿ ಮಾತಾಡುತ್ತಿದ್ದೆ! ಜನ ಒಬ್ಬೊಬ್ಬರೇ ಎದ್ದು ಪಂಚೆ ಕೊಡವಿಕೊಂಡು ಹೊರಟರು. ನಾನು ಊಟದ ಡಬ್ಬಿ ಹಿಡಿದು ಹಿಂದೆ ನಿಂತಿದ್ದೆ. ಇದ್ದಕ್ಕಿದ್ದಂತೆ ನೀನು ಕಾಗದ ಕೆಳಗಿಟ್ಟು, “ನನಗೊಬ್ಬ ಅಕ್ಕ ಇದ್ದಳು” ಎಂದೆ. ಹೋಗುತ್ತಿದ್ದವರು ನಿಂತರು. ಆ ಅಕ್ಕನಿಗೆ ಜ್ವರ ಬಂತು, ಆಸ್ಪತ್ರೆ ದೂರ, ಗಾಡಿ ಸಿಗಲಿಲ್ಲ, ಹೊತ್ತುಕೊಂಡು ನಡೆದೆ, ದಾರಿಯಲ್ಲೇ ಹೋದಳು. ನನ್ನ ಪಕ್ಕದಲ್ಲಿ ನಿಂತಿದ್ದ ಗಂಡಾಳು ಸೆರಗಿಲ್ಲದೆ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ. ನನಗೂ ಅಳು ಬಂತು ಕಣೋ, ಅಷ್ಟು ಚೆನ್ನಾಗಿ ಹೇಳಿದೆ. ಸಾಯುತ್ತಿರುವುದು ನಾನೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ನೀನು ಮನೆಗೆ ಬಂದು ಊಟ ಮಾಡದೆ ತಲೆ ತಗ್ಗಿಸಿ ಕೂತಿದ್ದೆ.

“ಅಕ್ಕಾ, ಬಾಯಿಗೆ ಬಂದುಬಿಡ್ತು. ಜನ ಎದ್ದು ಹೋಗ್ತಾ ಇದ್ರು.”

“ಅದಕ್ಕೆ ನನ್ನನ್ನ ಸಾಯಿಸಿಬಿಟ್ಯಾ? ಬೇರೆ ಯಾರೂ ಸಿಗಲಿಲ್ವಾ ನಿನಗೆ? ಚಿಕ್ಕಪ್ಪ ಇರಲಿಲ್ವಾ?”

“ಚಿಕ್ಕಪ್ಪ ಸತ್ರೆ ಯಾರಕ್ಕಾ ಅಳ್ತಾರೆ?”

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. “ಸತ್ತವಳ ಕೈಯಿಂದ ಊಟ ಹಾಕಿಸಿಕೊಳ್ತೀಯೋ ಇಲ್ವೋ ಹೇಳು” ಎಂದು ತಟ್ಟೆ ಮುಂದಿಟ್ಟೆ. ನೀನು ತಿಂದೆ. “ಇದೊಂದು ಚುನಾವಣೆ ಮುಗೀಲಿ ಅಕ್ಕಾ, ಆಮೇಲೆ ಎಲ್ಲ ಸರಿಮಾಡ್ತೀನಿ” ಎಂದೆ. ಆದರೆ ಮರುದಿನದ ಊರಿನವರು ಆಗಲೇ ಅಕ್ಕನ ಕಥೆ ಕೇಳಲೆಂದೇ ಬಂದಿದ್ದರು. ಅದರ ಮರುದಿನದವರೂ ಹಾಗೇ. ನೀನು ಗೆದ್ದೆ. ನಾನು ಯಾರೂ ಗುರುತು ಹಿಡಿಯದ ಬೆಟ್ಟದ ಈ ಊರಿಗೆ ವರ್ಗ ಮಾಡಿಸಿಕೊಂಡೆ. ನನ್ನ ಯಜಮಾನರು, ಆ ಲೈನ್‌ಮನ್ ಮಹಾರಾಯರು, ಒಂದೇ ಮಾತು ಅಂದರು: “ನಿನ್ನ ತಮ್ಮನಿಗೋಸ್ಕರ ನಾನೂ ಸತ್ತವಳ ಗಂಡ ಆಗಬೇಕಾಯ್ತಲ್ಲ ಮಾರಾಯ್ತಿ.” ಅವರು ಹೋಗಿ ಎಷ್ಟು ವರ್ಷವಾಯಿತೆಂದು ನಿನಗೆ ಗೊತ್ತೇ ಇದೆ. ಆಗಲೂ ನೀನು ಬರಲಿಲ್ಲ, ಮೀಸೆ ಬಂದ.

ನನ್ನ ಮಗ ಆಗ ಸಣ್ಣವನು. “ಅಮ್ಮ, ಮಾವ ಯಾಕೆ ನೀನು ಸತ್ತಿದ್ದೀಯ ಅಂತಾನೆ?” ಎಂದು ಕೇಳಿದ. ಕೂರಿಸಿಕೊಂಡು ಹೇಳಿದೆ: ಮಾವನಿಗೆ ಒಳ್ಳೆಯದಾಗಬೇಕು ಅಂದರೆ ಅವನು ನಮ್ಮ ಮಾವ ಅಂತ ಯಾರ ಹತ್ತಿರವೂ ಬಾಯಿ ಬಿಡಬಾರದು, ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡು. ಮಾಡಿದ. ಶಾಲೆಯಲ್ಲಿ ಹೇಳಲಿಲ್ಲ, ಕೆಲಸ ಹುಡುಕಿ ಅಲೆದಾಗ ಹೇಳಲಿಲ್ಲ, ಮದುವೆಯಾದ ಮೇಲೆ ಹೆಂಡತಿಗೂ ಹೇಳಲಿಲ್ಲ. ನನ್ನ ಸೊಸೆಗೆ ಇವತ್ತಿಗೂ ಗೊತ್ತಿಲ್ಲ. ಮೀಸೆಯನ್ನು ನನ್ನ ಗಂಡನ ಕಡೆಯ ದೂರದ ನೆಂಟ ಎಂದುಕೊಂಡಿದ್ದಾಳೆ. ನಿನ್ನ ಫೋಟೋ ಪೇಪರಿನಲ್ಲಿ ಬಂದಾಗ ನನ್ನ ಮಗ ಅದನ್ನು ನನ್ನ ಕಡೆ ತಿರುಗಿಸಿ ಇಡುತ್ತಿದ್ದ, ಅಷ್ಟೇ.

ಸುಳ್ಳು ಯಾಕೆ ಹೇಳಲಿ, ನಿನ್ನಿಂದ ಒಳ್ಳೆಯದೂ ಆಗಿದೆ. ಊರೂರಿಗೂ ‘ಅಕ್ಕನ ಆಸ್ಪತ್ರೆ’ ಕಟ್ಟಿಸಿದೆ. ನನ್ನ ಮೊಮ್ಮಗಳು ಹುಟ್ಟಿದ್ದೂ ಅಲ್ಲೇ, ಅದೂ ಪುಕ್ಕಟೆ. ಹೋದ ವರ್ಷ ಮಂಡಿ ನೋವೆಂದು ಹೋದರೆ ಬಾಗಿಲಲ್ಲೇ ನನ್ನ ಪ್ರತಿಮೆ. ಅಬ್ಬಬ್ಬಾ, ಏನು ಕತ್ತು, ಏನು ಮೂಗು! ನನ್ನ ಮೂಗು ಹೇಗಿದೆಯೆಂದು ನಿನಗೆ ಗೊತ್ತಲ್ಲ. ನಿಂತು ಕಾಲು ಸೋತು ಆ ಕಲ್ಲಿಗೆ ಒರಗಿದರೆ ನರ್ಸಮ್ಮ ಗದರಿಸಿದಳು: “ಅಜ್ಜೀ, ಅಕ್ಕನಿಗೆ ಒರಗಬೇಡಿ, ಕೊಳೆಯಾಗುತ್ತೆ.” ಆಮೇಲೆ ಮೊಮ್ಮಗಳ ಪಾಠದ ಪುಸ್ತಕ. ಜೋರಾಗಿ ಓದುತ್ತಾಳೆ: ‘ಕೊನೆಯುಸಿರೆಳೆಯುವಾಗ ಅಕ್ಕ ತಮ್ಮನ ಕೈ ಹಿಡಿದು, ಈ ನಾಡನ್ನು ನೋಡಿಕೋ ಎಂದರು.’ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯಬೇಡ ಎಂದು ಬೈದದ್ದು ಬಿಟ್ಟರೆ ನಾನು ನಿನಗೆ ಬೇರೆ ಉಪದೇಶ ಮಾಡಿದ ನೆನಪೇ ಇಲ್ಲ. “ಅಜ್ಜಿ ಯಾಕೆ ನಗ್ತೀಯ, ಇದು ಅಳೋ ಪಾಠ” ಎಂದು ಮೊಮ್ಮಗಳು ಸಿಟ್ಟಾದಳು.

ನಗುತ್ತಿದ್ದೆ, ನಿಜ. ಆದರೆ ನಿನ್ನ ಆ ಗೆಳೆಯನ ವಿಷಯದಲ್ಲಿ ನಗಲಾಗಲಿಲ್ಲ. ಮೂರನೇ ಸಲವೂ ಕುರ್ಚಿ ಬಿಡುವುದಿಲ್ಲವೆಂದು ನೀನು ಕಾನೂನು ತಿದ್ದಿಸಿದಾಗ, ಅವನು ತನ್ನ ಪತ್ರಿಕೆಯಲ್ಲಿ ‘ಇವರ ಅಕ್ಕ ಬದುಕಿದ್ದಾರೆ’ ಎಂದು ಬರೆಯಲು ಹೊರಟ. ಪತ್ರಿಕೆಗೆ ಬೀಗ ಬಿತ್ತು, ಅವನು ಜೈಲಿನೊಳಗೆ ಹೋದ. ಬಿಟ್ಟುಬಿಡೋ ಎಂದು ಮೀಸೆಯ ಕೈಯಲ್ಲಿ ಹೇಳಿಕಳಿಸಿದೆ. “ದೇಶದ ಭದ್ರತೆ ವಿಷಯ, ಅಕ್ಕನಿಗೆ ಅರ್ಥವಾಗಲ್ಲ ಅಂದ್ರು” ಎಂದು ಮೀಸೆ ನೆಲ ನೋಡುತ್ತಾ ಹೇಳಿದ. ಒಳಗೇ ತೀರಿಕೊಂಡನಂತೆ. ನಿನ್ನ ಜೊತೆ ನನ್ನ ಅಡುಗೆಮನೆಯಲ್ಲಿ ಉಂಡು ಬೆಳೆದವನು. ಅಲ್ಲಿಂದಾಚೆಗೆ ಚುನಾವಣೆ ಎಂದರೆ ಎಕ್ಸ್‌ಚೇಂಜಿನ ಗೋಡೆಗೆ ನಿನ್ನ ಹೊಸ ಫೋಟೋ ಬರುವುದು, ಅಷ್ಟೇ ಆಯಿತು. ಪ್ರತಿ ಫೋಟೋದಲ್ಲೂ ನಿನ್ನ ಕೂದಲು ಇನ್ನಷ್ಟು ಕಪ್ಪಾಗುತ್ತಿತ್ತು. ನಾನು ಕೆಳಗೆ ಹೆಡ್‌ಫೋನ್ ಹಾಕಿಕೊಂಡು ಕೂತು ನಿನ್ನ ಮಂತ್ರಿಗಳ ಲೈನು ಜೋಡಿಸುತ್ತಿದ್ದೆ. ಎಲ್ಲರೂ ನಿನ್ನನ್ನು ಹೊಗಳುವವರೇ. ಹೊಗಳುವಾಗ ಅವರ ದನಿ ನಡುಗುತ್ತಿತ್ತು.

ಮಣ್ಣು ಕುಸಿದ ಮೇಲೆ ಸುರಂಗದ ಹತ್ತಿರ ಹಗ್ಗ ಕಟ್ಟಿ, ನಮ್ಮನ್ನು ಅದರ ಈಚೆಗೆ ನಿಲ್ಲಿಸಿದ್ದರು. ಮಣ್ಣಿನೊಳಗೆ ಒಂದು ಸಣ್ಣ ಕೊಳವೆ ತೂರಿಸಿದ್ದರಂತೆ, ಅದರಲ್ಲಿ ಒಳಗಿನವರ ಮಾತು ಕೇಳುತ್ತಿತ್ತಂತೆ. ಒಬ್ಬ ಡಾಕ್ಟರ್, ಒಬ್ಬ ಚಿಕ್ಕ ಪ್ರಾಯದ ಎಂಜಿನಿಯರ್ ಅದಕ್ಕೆ ಕಿವಿಯಿಟ್ಟು ಕೂತಿದ್ದರು. “ಎಲ್ಲರೂ ಇದ್ದಾರೆ, ಮಾತಾಡ್ತಿದ್ದಾರೆ” ಎಂದು ಬಂದು ಹೇಳುತ್ತಿದ್ದರು. ಅಗೆಯುವ ಯಂತ್ರ ಗಡಗಡ ಎನ್ನುತ್ತಿದ್ದಷ್ಟು ದಿನ ನಮಗೂ ಜೀವವಿತ್ತು. ಒಂದು ಬೆಳಿಗ್ಗೆ ಅದು ನಿಂತಿತು. ಒಳಗಿನ ಸದ್ದು ಅಡಗಿದೆ, ಇನ್ನು ಅಗೆದು ಉಪಯೋಗವಿಲ್ಲ ಎಂದರು. ನನ್ನ ಸೊಸೆ ಅವತ್ತಿನಿಂದ ಹೀಗೇ: ಮಗುವಿನ ಜಡೆ ಹಾಕುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಹಾಕುತ್ತಾಳೆ.

ಅಷ್ಟೇ ನನ್ನ ಸುದ್ದಿ. ನಾನು ಬದುಕಿದ್ದೇನೆಂದು ನೀನು ಯಾರಿಗೂ ಹೇಳುವುದು ಬೇಡ. ರೈಲು ಒಂದಿಷ್ಟು ತಡವಾಗಿ ಓಡಲಿ. ಎಲ್ಲ ಮನೆಯವರಿಗೂ ಅವರವರ ಮಕ್ಕಳನ್ನು ಹೊರಗೆ ತೆಗೆಸಿಕೊಡು. ನಿನ್ನ ಒಂದು ಮಾತು ಸಾಕು, ಯಂತ್ರ ಮತ್ತೆ ಶುರುವಾಗುತ್ತದೆ. ಮೀಸೆಯ ಎರಡನೇ ಲೋಟವೂ ಮುಗಿಯಿತು. ತಂಪಿನಲ್ಲಿ ತಿರುಗಬೇಡ, ನಿನ್ನ ಎದೆ ಮೊದಲಿನಿಂದಲೂ ಗಟ್ಟಿಯಲ್ಲ.

ನಿನ್ನ ಅಕ್ಕ,
ಇನ್ನೂ ಇದ್ದೇನೆ.

*

ಮಾರ್ಚ್ ೩೦, ಸೋಮವಾರ

ತಮ್ಮಾ,

ಆಶೀರ್ವಾದಗಳು. ಈ ಸಲ ತಡ ಮಾಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಗೋಡೆ ಕಟ್ಟಿದ ಮೇಲೆ ಅವಸರವೇನಿದೆ.

ನನ್ನ ಪತ್ರ ನಿನಗೆ ಸಿಕ್ಕಿತಂತೆ. ಮರುವಾರವೇ ಮೀಸೆ ಮತ್ತೆ ಬಂದು ಎಲ್ಲ ಹೇಳಿದ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಓದಿದೆಯಂತೆ. ಮತ್ತೆ ಮೊದಲಿನಿಂದ ಓದಿದೆಯಂತೆ. ರಸ್ತೆ ಬದಿಗೆ ಕಾರು ನಿಲ್ಲಿಸಲು ಹೇಳಿದೆಯಂತೆ, ಆದರೆ ಇಳಿಯಲಿಲ್ಲವಂತೆ. ಹಿಂದೆ ಮುಂದೆ ಪೊಲೀಸ್ ಗಾಡಿಗಳೂ ನಿಂತವಂತೆ. ಆಮೇಲೆ, “ಅಕ್ಕ ತೆಳ್ಳಗಾಗಿದ್ದಾಳಾ?” ಎಂದು ಕೇಳಿದೆಯಂತೆ.

“ವಯಸ್ಸಾಯ್ತಲ್ಲ ಸಾರ್.”

“ಹೂಂ. ಗಾಡಿ ತೆಗಿ.”

ಇದನ್ನು ಕೇಳಿ ನಾನು ಎಂಥ ದಡ್ಡಿಯಾದೆ ಗೊತ್ತಾ? ಓದಿದ್ದಾನೆ, ಕಾರು ನಿಲ್ಲಿಸಿದ್ದಾನೆ, ಇನ್ನೇನು ಯಂತ್ರ ಶುರುವಾಗುತ್ತದೆ ಎಂದುಕೊಂಡೆ. ದಿನಾ ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದು ಬೆಟ್ಟದ ಕಡೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ಒಂದು ದಿನ ಸದ್ದು ಬಂತು ಕೂಡ. ಸೊಸೆಯನ್ನು ಕೂಗಿದೆ, “ಶುರುವಾಯ್ತು ಕಣೇ, ಬಾರೇ” ಎಂದೆ. ಅವಳು ಬರಿಗಾಲಲ್ಲೇ ಓಡಿಬಂದಳು. ಅದು ಕಾಂಕ್ರೀಟ್ ಕಲಸುವ ಯಂತ್ರದ ಸದ್ದಾಗಿತ್ತು.

ನಿನ್ನೆ ನೀನು ಸುರಂಗದ ಸಮಾರಂಭಕ್ಕೆ ಬಂದೆಯಲ್ಲ, ಸತ್ತವರ ಮನೆಯವರನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ನನ್ನ ಎಡಕ್ಕೆ ಸೊಸೆ, ತೊಡೆಯ ಮೇಲೆ ಮೊಮ್ಮಗಳು. ನೀನು ಒಬ್ಬೊಬ್ಬರ ಮುಂದೆಯೂ ನಿಂತು ಕೈ ಹಿಡಿದುಕೊಂಡು ಬಂದೆ. ಹತ್ತಿರ ಬರುತ್ತಿದ್ದ ಹಾಗೆ ನನ್ನ ಎದೆ ಹೊಡೆದುಕೊಂಡಿದ್ದು ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷಕ್ಕೆ. ಎಷ್ಟು ವರ್ಷದ ಮೇಲೆ ನೋಡುತ್ತಿದ್ದೇನೆ! ನಿನ್ನ ಕತ್ತಿನ ಕಾಲರು ಬಿಗಿಯಾಗಿತ್ತು. ಕಪಾಳದ ಹತ್ತಿರ ಕೂದಲಿನ ಬಣ್ಣ ಚರ್ಮಕ್ಕೆ ಹತ್ತಿಕೊಂಡಿತ್ತು, ಒರೆಸೋಣ ಎನಿಸಿತು. ನನ್ನ ಮುಂದೆ ನಿಂತೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಬೇರೆಯವರ ಕೈ ಹಿಡಿದದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನನ್ನ ಕೈ ಹಿಡಿದೆ. ಆಮೇಲೆ “ಧೈರ್ಯ ತಂದುಕೊಳ್ಳಿ ತಾಯಿ” ಎಂದು ನನ್ನ ಪಕ್ಕದವಳ ಮುಂದೆ ಹೋದೆ.

ಫೋನಿನಲ್ಲಾದರೆ ಗೊತ್ತಾಗಲಿಲ್ಲ ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿದ್ದೆ. ನಿನ್ನೆ ಆ ವಾದವೂ ಕೈಬಿಟ್ಟಿತು. ಕರಣೆ ಹಿಡಿದು ಗೋಡೆಯ ಕೊನೆಯ ಕಲ್ಲಿಗೆ ಗಾರೆ ಹಚ್ಚಿದೆ. ಮೈಕಿನ ಮುಂದೆ ನಿಂತು, ಈ ಸುರಂಗಕ್ಕೆ ನನ್ನ ಅಕ್ಕನ ಹೆಸರಿಡುತ್ತಿದ್ದೇನೆ ಎಂದೆ. ಜನ ಚಪ್ಪಾಳೆ ತಟ್ಟಿದರು. ನೀನು ಹಾಗೆ ಹೇಳುವಾಗ ನನ್ನ ಕಡೆ ನೋಡಿದೆ. ನನ್ನ ಪತ್ರಕ್ಕೆ ನಿನ್ನ ಉತ್ತರ ಅದೇ ಎಂದು ಆಗ ಅರ್ಥವಾಯಿತು. ನನಗೆ ಏನೋ ದೊಡ್ಡದು ಕೊಡುತ್ತಿದ್ದೇನೆ ಎಂದುಕೊಂಡಿದ್ದೆ ನೀನು. ಪಾಪ, ನಿನಗೆ ಕೊಡಲು ಬರುವುದು ಈಗ ಅಷ್ಟೇ. ನನ್ನ ಹೆಸರಿನ ಬೋರ್ಡಿನ ಹಿಂದೆ ನನ್ನ ಮಗ ಇದ್ದಾನೆ. ಇನ್ನು ಅವನನ್ನು ಯಾರೂ ಹೊರಗೆ ತೆಗೆಯುವುದಿಲ್ಲ.

ಮೊಮ್ಮಗಳು ಕೇಳಿದಳು, “ಅಜ್ಜೀ, ಅಪ್ಪ ಗೋಡೆ ಹಿಂದೆ ಇದ್ದಾರಾ?” ಹೌದು ಎಂದೆ. “ಬಾಗಿಲು ಎಲ್ಲಿ?” ಎಂದಳು. ನಿನ್ನ ಭಾಷಣ ಇನ್ನೂ ನಡೆಯುತ್ತಿತ್ತು, ಸುಮ್ಮನಿರು ಎಂದು ಅವಳ ಬಾಯಿ ಮುಚ್ಚಿದೆ.

ನಿನಗೆ ಶಾಪ ಹಾಕಬೇಕೆಂದೇ ಇವತ್ತು ಬರೆಯಲು ಕೂತದ್ದು. ಮನೆಗೆಲಸವನ್ನೆಲ್ಲ ಬದಿಗಿಟ್ಟು, ಏನು ಹಾಕಲಿ ಎಂದು ಯೋಚಿಸಿದೆ. ನನಗೆ ಶಾಪ ಹಾಕಲು ಬರುವುದಿಲ್ಲ, ಯಾರ ಮೇಲೂ ಹಾಕಿ ಗೊತ್ತಿಲ್ಲ. ಅಮ್ಮ ಹೋದ ಮೇಲೆ ನಿನಗೆ ಮೈ ಬಿಸಿಯಾದಾಗಲೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, ನನ್ನ ಆಯಸ್ಸೂ ಇವನಿಗೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದನ್ನೇ ಮತ್ತೆ ಹೇಳುತ್ತೇನೆ, ಈಗ ಬೇರೆ ಕಾರಣಕ್ಕೆ. ಬಹಳ ಕಾಲ ಬದುಕು, ತಮ್ಮಾ. ನಿನ್ನ ಗೆಳೆಯರೆಲ್ಲ ಹೋದ ಮೇಲೂ, ಮೀಸೆ ಹೋದ ಮೇಲೂ, ನಾನು ಎರಡನೇ ಸಲ ಸತ್ತ ಮೇಲೂ ಬದುಕು. ನಿನ್ನನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರದಷ್ಟು ಕಾಲ ಬದುಕು. ಆಗಲಾದರೂ ನಿನಗೆ ಅಳು ಬರಲಿ.

ಈ ಪತ್ರ ಮುಟ್ಟಿಸಿದ ಮೇಲೆ ಇನ್ನು ಬರುವುದು ಬೇಡ ಎಂದು ಮೀಸೆಗೆ ಹೇಳಿದ್ದೇನೆ. ಅವನನ್ನು ಬೈಯಬೇಡ, ಅವನು ಅತ್ತ.

ಅಕ್ಕ

ತಾ. ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ಇದನ್ನು ನಾನೊಬ್ಬಳೇ ಹೊರಲಾರೆ. ನಿನ್ನೆ ನೀನು ಹೋದ ಮೇಲೆ ಆ ಚಿಕ್ಕ ಎಂಜಿನಿಯರ್ ಮನೆಗೆ ಬಂದಿದ್ದ. ಬಾಗಿಲಲ್ಲೇ ನಿಂತು ಅಳಲು ಶುರು ಮಾಡಿದ. ಕೂರಿಸಿ ನೀರು ಕೊಟ್ಟೆ. ಯಂತ್ರ ನಿಲ್ಲಿಸಿದಾಗ ಒಳಗಿನ ಸದ್ದು ಅಡಗಿರಲಿಲ್ಲವಂತೆ. “ನಿಮ್ಮ ಮಗ ಅವತ್ತು ಕೊಳವೆ ಹತ್ತಿರ ಬಂದು ಕೂಗಿದ್ರು ತಾಯಿ. ‘ಪ್ರಧಾನಿಗೆ ಹೇಳಿ, ಅವರ ಅಕ್ಕನ ಮಗ ಒಳಗಿದ್ದಾನೆ ಅಂತ. ನಮ್ಮಮ್ಮ ಬದುಕಿದ್ದಾರೆ. ಮಾವ ನಮ್ಮನ್ನ ಬಿಡಲ್ಲ’ ಅಂತ. ಡಾಕ್ಟರು ಕೇಳಿ ತಲೆ ಅಲ್ಲಾಡಿಸಿದ್ರು. ಪ್ರಧಾನಿಯವರ ಅಕ್ಕ ಎಳೇ ವಯಸ್ಸಲ್ಲೇ ಹೋಗಿದ್ದು ಮಕ್ಕಳಿಗೂ ಗೊತ್ತಿರೋ ವಿಷಯ. ಒಳಗೆ ಗಾಳಿ ಮುಗಿದಿದೆ, ಬುದ್ಧಿ ಭ್ರಮಣೆ ಶುರುವಾಗಿದೆ, ಇನ್ನು ಯಾರೂ ಉಳಿಯಲ್ಲ ಅಂತ ಮೇಲಕ್ಕೆ ತಿಳಿಸಿದ್ರು. ಅಗೆಯೋದು ನಿಲ್ಲಿಸಿ ಅಂತ ಮೇಲಿಂದ ಬಂತು. ಆಮೇಲೂ ಅವರು ಕೂಗ್ತಾನೇ ಇದ್ರು ತಾಯಿ, ಅದೇ ಮಾತು” ಎಂದ. ಆಮೇಲೆ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿ, “ಅದು ಭ್ರಮೆನೇ ಅಲ್ವಾ ತಾಯಿ?” ಎಂದು ಕೇಳಿದ.

ಸೊಸೆ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು.

“ಹೌದಪ್ಪ” ಎಂದೆ. “ಚಿಕ್ಕಂದಿನಿಂದಲೂ ಅವನು ಹಾಗೇ. ಇಲ್ಲದ್ದನ್ನೆಲ್ಲ ಹೇಳೋನು.”